ಅಪ್ಪ ಮಾತಾಡುವುದು ಮಗ್ಗ ನಡೆಯುವಾಗ ಮಾತ್ರ. ಡಾಕ್ಯುಮೆಂಟರಿ ಕಲಿಯಲು ಪುಣೆಗೇ ಹೋಗಬೇಕಾ?

ಗುಡ್ಡದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಪತ್ರಿಕೋದ್ಯಮ ಒಂದು ವಿಷಯ. ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಪ್ಪ ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಾರೆ. ನಮ್ಮ ಮನೆಯ ಹೊಸ್ತಿಲು ದಾಟಿದರೆ ಎದುರಿಗೇ ಕುಣಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ನಾನು ಎದ್ದು ನಿಲ್ಲಲು ಕಲಿತದ್ದೇ ಅದರ ಕಟ್ಟಿಗೆ ಹಿಡಿದು ಅಂತ ಅಜ್ಜಿ ಹೇಳುತ್ತಾಳೆ.

ಹೋದ ವರ್ಷ ಕಾಲೇಜಿಗೆ ಐದು ನಿಮಿಷದ ವಿಡಿಯೊ ಮಾಡಿಕೊಡಬೇಕಿತ್ತು. ದೀಪಾವಳಿ ರಜೆಯಲ್ಲಿ ಅಪ್ಪ ನೇಯುವುದನ್ನು ಮೊಬೈಲಲ್ಲಿ ತೆಗೆದೆ. ಮಾರ್ಕ್ಸ್ ಬಂತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಊರಿಗೆ ಹೋದಾಗಲೆಲ್ಲ ತೆಗೆಯುತ್ತಲೇ ಇದ್ದೇನೆ. ಈಗ 11 ಗಂಟೆಯಷ್ಟು ವಿಡಿಯೊ ಇದೆ. ಅಜ್ಜಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವುದು. ಅವ್ವ ನೂಲಿನ ಸಿಕ್ಕು ಬಿಡಿಸುತ್ತಾ ಫೋನಲ್ಲಿ ಅಕ್ಕನ ಜೊತೆ ಮಾತಾಡುವುದು. ಪಕ್ಕದ ಮನೆಯ ಕಾಕಾ ಮಗ್ಗ ಬಿಚ್ಚಿ ಗಾಡಿಗೆ ಹೇರಿದ್ದು.

ಕಾಕಾ ಮಗ್ಗ ಮಾರಿದ ದಿನ ಮೊಬೈಲ್ ಹೊರಗೆ ತೆಗೆಯಲೋ ಬೇಡವೋ ಅಂತ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದೆ. ಅವರೇ ಕರೆದರು. "ತಗೀ ಯವ್ವಾ, ಇನ್ನ ಮುಂದ ಇದು ನೋಡಾಕ ಸಿಗೂದಿಲ್ಲ" ಅಂದರು. ಸೀರೆ ಜೊತೆಗೇ ಬ್ಲೌಸ್ ಪೀಸ್ ಬರತೊಡಗಿದ ಮೇಲೆ ಬೇರೆ ಖಣ ಕೊಳ್ಳುವವರು ಕಡಿಮೆಯಾದರು ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ಮಗ್ಗ ಎತ್ತಿದ ಮೇಲೆ ಉಳಿದ ಆ ಖಾಲಿ ಕುಣಿಯನ್ನು ಪರದೆಯ ಮೇಲೆ ನೋಡಿದಾಗ ಅದು ನನಗೆ ಅರ್ಥವಾಯಿತು. ಇದೇ ಕೆಲಸ ಮಾಡಬೇಕು ಅಂತ ಅನ್ನಿಸಿದ್ದು ಅವತ್ತೇ.

ನನ್ನ ಪ್ರಶ್ನೆಗಳು ಇವು. ಡಿಗ್ರಿ ಮುಗಿದ ಮೇಲೆ ಸರ್ಕಾರಿ ಸಿನಿಮಾ ಶಾಲೆಗಳಾದ ಪುಣೆಯ ಎಫ್‌ಟಿಐಐ ಅಥವಾ ಕೋಲ್ಕತ್ತಾದ ಎಸ್‌ಆರ್‌ಎಫ್‌ಟಿಐಗೆ ಪ್ರಯತ್ನ ಮಾಡಲಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪಿಯುಸಿ ಆರ್ಟ್ಸ್. ಅಪ್ಪ ಬಿ.ಎಡ್. ಮಾಡು, ಮೇಷ್ಟ್ರ ಕೆಲಸ ಸಿಕ್ಕರೆ ಜೀವನಕ್ಕೆ ಆಯಿತು ಅನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಮೂವತ್ತು ವರ್ಷ ನೇಯ್ದು ನಾಳೆಯ ಚಿಂತೆ ತಪ್ಪದವರು ಮಗಳಿಗೆ ಇನ್ನೇನು ಹೇಳುತ್ತಾರೆ? ಡಾಕ್ಯುಮೆಂಟರಿ ಮಾಡಿ ನಿಜವಾಗಲೂ ಹೊಟ್ಟೆ ತುಂಬುತ್ತದಾ?

ಇನ್ನೊಂದು ಕಷ್ಟ ಇದೆ. ಅಪ್ಪ ಸುಮ್ಮನೆ ಕೂತು ಮಾತಾಡುವವರಲ್ಲ. ಮಗ್ಗದ ಮೇಲೆ ಕೂತರೆ ಮಾತು ತಾನಾಗಿ ಬರುತ್ತದೆ. ಆದರೆ ಆ ಸದ್ದಿನಲ್ಲಿ ಅವರ ದನಿ ಕೇಳುವುದಿಲ್ಲ. ಮಗ್ಗ ನಿಲ್ಲಿಸಿ ಅಂದರೆ ಮಾತೂ ನಿಲ್ಲುತ್ತದೆ. ಸಂಜೆ ತೆಗೆದರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ವಿಡಿಯೊ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ಇದಕ್ಕೇನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾವೇರಿ_ಸೌಂಡ್

ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಅದು ನನ್ನ ದಿನದ ಕೆಲಸ.

ಪಟ್ಟೆಗೆ ಕಾರಣ ಕರೆಂಟು. ನಮ್ಮಲ್ಲಿ ಅದು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ನೀವೇ ಇಡಲು ಬರುವ ಒಂದು ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಪಟ್ಟೆ ಹೋಗುತ್ತದೆ.

ದನಿಯ ವಿಷಯ. ಮೈಕ್ ಬಾಯಿಗೆ ಹತ್ತಿರ ಇರಬೇಕು, ಅಷ್ಟೇ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ನೀವು ಆರು ಅಡಿ ದೂರದಲ್ಲಿ ಮೊಬೈಲ್ ಹಿಡಿದು ನಿಂತಿದ್ದೀರಿ, ನಿಮಗೆ ಅಪ್ಪನ ಬಾಯಿಗಿಂತ ಮಗ್ಗವೇ ಹತ್ತಿರ. ವೈರ್ ಇರುವ ಸಾಧಾರಣ ಕಾಲರ್ ಮೈಕ್ ಒಂದು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಅದನ್ನು ಎದೆಯ ಮೇಲ್ಭಾಗದಲ್ಲಿ ಸಿಕ್ಕಿಸಿ. ಲಾಳಿಯ ಸದ್ದು ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಮಾತು ಮೇಲೆ ನಿಲ್ಲುತ್ತದೆ. ಮಗ್ಗದ ಸದ್ದನ್ನೇ ಬೇರೆಯಾಗಿ ಹತ್ತು ನಿಮಿಷ ತೆಗೆದಿಡಿ. ಯಾರೂ ಮಾತಾಡದ ಖಾಲಿ ಮನೆಯ ಸದ್ದೂ ಒಂದು ನಿಮಿಷ ಬೇಕು. ಎಡಿಟಿಂಗ್‌ಗೆ ಕೂತಾಗ ಇವೆರಡೂ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ನೋಡುತ್ತೀರಿ.

ಇನ್ನೊಂದು ಯೋಚನೆ. ನಿಮ್ಮ ಅಪ್ಪನಿಗೆ ಮಾತಾಡಲು ಬೇಕಾಗಿರುವುದು ಮಗ್ಗ ಅಲ್ಲ, ಕೈಗೊಂದು ಕೆಲಸ ಇರಬಹುದು. ಮಗ್ಗ ಸುಮ್ಮನಿದ್ದು ಕೈ ಮಾತ್ರ ಆಡುವ ಹೊತ್ತು ಯಾವುದು? ನೇಕಾರರ ಮನೆಯವರು ನೀವು, ನಿಮಗೇ ಗೊತ್ತು.

ಪುಣೆ ಬಗ್ಗೆ. ನಾನು ಅಲ್ಲಿ ಮೂರು ವರ್ಷ ಸೌಂಡ್ ಓದಿದೆ. ಸೌಂಡ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್ ಇರಬೇಕು, ಹಾಗಾಗಿ ನಿಮಗೆ ಆ ದಾರಿ ಇಲ್ಲ. ನಿರ್ದೇಶನ, ಎಡಿಟಿಂಗ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಜಾಗದಲ್ಲಿ ಶುರುವಾದ ಸಂಸ್ಥೆ ಅದು. ಆ ಹಳೆಯ ಶೂಟಿಂಗ್ ಫ್ಲೋರಿನಲ್ಲಿ ಮೊದಲ ಸಲ ಬೂಮ್ (ಉದ್ದ ಕೋಲಿನ ಮೈಕ್) ಹಿಡಿದಾಗ ನನ್ನ ಕೈ ನಡುಗಿತ್ತು. ಅಲ್ಲಿ ನನಗೆ ಸಿಕ್ಕ ದೊಡ್ಡ ವಸ್ತು ಸಮಯ. ರಾತ್ರಿ ಮೇನ್ ಥಿಯೇಟರಿನಲ್ಲಿ ಸಿನಿಮಾ ನೋಡಿ, ಹೊರಗೆ ಒಂದು ಮಾವಿನ ಮರದ ಕೆಳಗೆ ಕೂತು ಬೆಳಗಿನ ತನಕ ಜಗಳ ಆಡುವಷ್ಟು ಸಮಯ. ಹಾಗೆ ಜಗಳ ಆಡಿದವರಲ್ಲಿ ನಾಲ್ವರ ಜೊತೆ ಇವತ್ತಿಗೂ ಕೆಲಸ ಮಾಡುತ್ತೇನೆ. ಬೆಂಗಳೂರಿಗೆ ಹತ್ತಿರ ಬೇಕು ಅಂದರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಬೇರು ಹಳೆಯದು. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಓದಿದರಲ್ಲ, ಆ ಕೋರ್ಸೇ ಮುಂದೆ ಹೆಸರಘಟ್ಟಕ್ಕೆ ಹೋದದ್ದು.

ಹೊಟ್ಟೆ ತುಂಬುತ್ತದಾ ಅಂದರೆ, ಬರೀ ಡಾಕ್ಯುಮೆಂಟರಿಯಿಂದ ನನಗಂತೂ ತುಂಬಿಲ್ಲ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಕಂಪನಿಗಳ ವಿಡಿಯೊ, ಜಾಹೀರಾತು. ಬಾಡಿಗೆ, ಮನೆಖರ್ಚು ಅದರಿಂದ. ಉಳಿದ ದಿನ ನನಗೆ ಬೇಕಾದ ಕೆಲಸ. ಮೊದಲ ವರ್ಷ ತಿಂಗಳಿಗೆ 12,000 ಸಿಕ್ಕರೆ ಹೆಚ್ಚಾಗಿತ್ತು. ಐದನೇ ವರ್ಷದ ಹೊತ್ತಿಗೆ ಮನೆಗೆ ದುಡ್ಡು ಕಳಿಸುವಂತಾಯಿತು. ಈ ಲೆಕ್ಕವನ್ನು ನಿಮ್ಮ ಅಪ್ಪನಿಗೆ ಮುಚ್ಚಿಡದೆ ಹೇಳಿ.

ಎಡಿಟ್_ಮೇಜು

ನಾನು ದೆಹಲಿಯ ಜಾಮಿಯಾ ವಿಶ್ವವಿದ್ಯಾಲಯದ ಮಾಧ್ಯಮ ಕೇಂದ್ರವಾದ ಎಜೆಕೆ ಎಂಸಿಆರ್‌ಸಿಯಲ್ಲಿ ಎಂ.ಎ. ಮಾಡಿದವಳು. ಎರಡು ವರ್ಷದ ಕೋರ್ಸು. ಓದುವಾಗಲೇ ಡಾಕ್ಯುಮೆಂಟರಿ ಮಾಡಿಸುತ್ತಾರೆ. ಹೊಳೆನರಸೀಪುರದ ಕನ್ನಡ ಮಾಧ್ಯಮದಿಂದ ಹೋದ ನನಗೆ ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಬಾಯಿ ತೆರೆಯಲು ಆಗಲಿಲ್ಲ. ಎಡಿಟಿಂಗ್ ರೂಮಿನಲ್ಲಿ ಕೂತ ಮೇಲೆ ಎಲ್ಲ ಬದಲಾಯಿತು. ಎರಡು ಶಾಟ್ ಕೂಡುತ್ತದೋ ಇಲ್ಲವೋ ಅಂತ ಹೇಳಲು ಇಂಗ್ಲಿಷ್ ಬೇಕಿಲ್ಲ. ಆ ಭಯಕ್ಕೆ ಅರ್ಜಿ ಹಾಕದೆ ಇರಬೇಡಿ.

ಈಗ ನಿಮ್ಮ 11 ಗಂಟೆ. ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಪ್ರತಿ ಕ್ಲಿಪ್ ನೋಡಿ, ಯಾರು ಏನು ಹೇಳಿದರು ಅಂತ ಅವರ ಮಾತಿನಲ್ಲೇ ಬರೆಯಿರಿ. "ಸಿಗೂದಿಲ್ಲ" ಅಂದದ್ದನ್ನು "ಸಿಗುವುದಿಲ್ಲ" ಅಂತ ತಿದ್ದಬೇಡಿ. ಪಕ್ಕದಲ್ಲಿ ಕ್ಲಿಪ್ ನಂಬರ್, ಎಷ್ಟನೇ ನಿಮಿಷ ಅನ್ನುವುದು. ಬೇಸರದ ಕೆಲಸ ಅನ್ನಿಸಬಹುದು. ಆದರೆ ನನ್ನ ಪ್ರತಿ ಸಿನಿಮಾದ ನಡೆ ಗೊತ್ತಾದದ್ದು ಈ ಬರೆಯುವ ಹೊತ್ತಿನಲ್ಲೇ. ಆಮೇಲೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರ ಉಚಿತ ಆವೃತ್ತಿ ನಿಮಗೆ ಸಾಕು. ಕಾಲೇಜಿನ ಲ್ಯಾಬ್ ಕಂಪ್ಯೂಟರ್ ಕೇಳಿ ನೋಡಿ.

ಎಲ್ಲಕ್ಕಿಂತ ಮೊದಲು, ಇವತ್ತೇ, ಎರಡು ಕಡೆ ಕಾಪಿ ಮಾಡಿಡಿ. ಒಂದು ಹಾಸ್ಟೆಲಿನಲ್ಲಿ, ಒಂದು ಊರಲ್ಲಿ. ನಾನು ಓದುವಾಗ ನಮ್ಮೂರ ಕಡೆಯ ಒಬ್ಬ ಅಜ್ಜಿಯ ಬೀಸುವ ಪದಗಳನ್ನು ರೆಕಾರ್ಡ್ ಮಾಡಿದ್ದೆ. ಕಾಪಿ ಆಗಿದೆ ಅಂದುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ. ಮತ್ತೆ ಹೋಗುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಅವರ ಮಗಳು ಈಗಲೂ ಕೇಳುತ್ತಾರೆ, "ನಮ್ಮವ್ವನ ಹಾಡು ಕಳಿಸ್ತೀನಿ ಅಂದಿದ್ರಲ್ಲ" ಅಂತ. ಏನು ಹೇಳಲಿ? ನಿಮಗೆ ಹಾಗಾಗಬಾರದು.

ದುಡ್ಡಿನ ವಿಷಯದಲ್ಲಿ ಒಂದು ದಾರಿ ಹೇಳುತ್ತೇನೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆ, ಸಂಸ್ಕೃತಿಯ ಕೆಲಸಗಳಿಗೆ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಈಗಲೇ ಹಾಕಿ ಅನ್ನುತ್ತಿಲ್ಲ. ನೋಟ್‌ಬುಕ್ ತುಂಬಿದ ಮೇಲೆ ಏನು ಬರೆಯಬೇಕು ಅಂತ ನಿಮಗೇ ಹೊಳೆಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಎಂಎಂಆರ್‌ಸಿ ಅನ್ನುವ ಕೇಂದ್ರ ಇದೆ, ಅಲ್ಲಿ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಡಾಕ್ಯುಮೆಂಟರಿ ತಯಾರಾಗುತ್ತವೆ. ಇಂಟರ್ನ್‌ಶಿಪ್ ಇದೆಯಾ ಅಂತ ವಿಚಾರಿಸಿ. ಸಾಧ್ಯವಾದರೆ ಒಂದು ಸಲ ತಿರುವನಂತಪುರದ ಡಾಕ್ಯುಮೆಂಟರಿ ಉತ್ಸವಕ್ಕೆ ಹೋಗಿಬನ್ನಿ. 2008ರಿಂದ ನಡೆಯುತ್ತಿದೆ. ಬೆಳಗಿನಿಂದ ರಾತ್ರಿಯ ತನಕ ಬರೀ ಡಾಕ್ಯುಮೆಂಟರಿ ಮತ್ತು ಕಿರುಚಿತ್ರ, ಅದನ್ನು ನೋಡಲು ಕ್ಯೂ ನಿಂತ ಜನ. ಇದನ್ನು ನೋಡುವವರೂ ಇದ್ದಾರೆ ಅಂತ ನನಗೆ ಧೈರ್ಯ ಬಂದದ್ದು ಆ ಕ್ಯೂನಲ್ಲಿ.

ಸಾಗರದ_ಮೇಷ್ಟ್ರು

ನಾನು ಈ ಕ್ಷೇತ್ರದವನಲ್ಲ, ನಿವೃತ್ತ ಶಿಕ್ಷಕ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ಆ ಕಾಲದಲ್ಲಿ ಸೈಕಲ್ ತುಳಿದು ಹೋಗಿ, ಭಾಷೆ ಬಾರದ ದೇಶಗಳ ಸಿನಿಮಾ ನೋಡಿದವನು. ಅಡಿಕೆ ಸುಲಿದು ಬಂದವರೆಲ್ಲ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಯಾರೂ ಎದ್ದು ಹೋಗುತ್ತಿರಲಿಲ್ಲ.

ನನ್ನದು ಒಂದೇ ಪ್ರಶ್ನೆ, ಮಗಳೇ. ಈ 11 ಗಂಟೆಯಲ್ಲಿ ಒಂದು ನಿಮಿಷವಾದರೂ ಅಪ್ಪನಿಗೆ ತೋರಿಸಿದ್ದೀಯಾ? ನೀನು ಬರೆದದ್ದನ್ನು ಎರಡು ಸಲ ಓದಿದೆ. ಅದು ಮಾತ್ರ ಅದರಲ್ಲಿ ಇಲ್ಲ. ಬಿ.ಎಡ್. ವಿಷಯ ಆಮೇಲೆ ಮಾತಾಡಿ. ಮೊದಲು ತೋರಿಸು.

ಗುಡ್ಡದ_ಹುಡುಗಿ

ಮೂರು ವಾರ ಆಯಿತು, ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಮೇಷ್ಟ್ರೇ, ತೋರಿಸಿರಲಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ನಾಚಿಕೆ ಇರಬೇಕು.

ಹೋದ ಶನಿವಾರ ಊರಿಗೆ ಹೋಗಿ, ಟಿವಿಗೆ ಪೆನ್‌ಡ್ರೈವ್ ಹಾಕಿ ಇಪ್ಪತ್ತು ನಿಮಿಷ ತೋರಿಸಿದೆ. ಅಜ್ಜಿ ತನ್ನ ಕೈ ನೋಡಿ "ಎಷ್ಟ ಮುಪ್ಪಾಗೇನಿ" ಅಂದಳು. ಅಪ್ಪ ಏನೂ ಹೇಳಲಿಲ್ಲ. ಕಾಕಾನ ಮನೆಯ ಖಾಲಿ ಕುಣಿ ಬಂದಾಗ "ಇದನ್ನ ಇನ್ನೊಮ್ಮೆ ಹಾಕು" ಅಂದರು. ಮೂರು ಸಲ ಹಾಕಿಸಿಕೊಂಡರು.

ಹಾವೇರಿ ಅಣ್ಣ, ನೀವು ಕೇಳಿದ ಹೊತ್ತು ಸಿಕ್ಕಿತು. ಹಾಸು (ಮಗ್ಗದ ಉದ್ದದ ಎಳೆಗಳು) ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆ ಒಂದೊಂದಾಗಿ ಕೆಚ್ಚಬೇಕು, ಅಂದರೆ ಜೋಡಿಸಬೇಕು. ಆಗ ಮಗ್ಗ ನಿಂತಿರುತ್ತದೆ, ಕೈಗೆ ಬಿಡುವಿರುವುದಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪ ಕೆಚ್ಚಲು ಕೂತರು. ಮೈಕ್ ಇನ್ನೂ ತಗೊಂಡಿಲ್ಲ. ಗೆಳತಿಯ ಮೊಬೈಲಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಅಪ್ಪನ ಅಂಗಿ ಜೇಬಿಗೆ ಹಾಕಿದೆ. ನಾನು ಏನೂ ಕೇಳಲಿಲ್ಲ. ಅವರೇ ಶುರು ಮಾಡಿದರು. ತಾವು ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟು ಇದೇ ಕುಣಿಗೆ ಇಳಿದದ್ದು. ಆವತ್ತು ನಮ್ಮ ಮುತ್ಯಾ (ಅಜ್ಜ) ಅಪ್ಪನ ಪಾಟಿ (ಸ್ಲೇಟು) ತೆಗೆದು ಅಟ್ಟದ ಮೇಲೆ ಇಟ್ಟದ್ದು. ಆ ಪಾಟಿ ಇನ್ನೂ ಅಲ್ಲೇ ಇರಬೇಕು ಅಂದರು. ನಾನು ಮೇಷ್ಟ್ರ ಕೆಲಸಕ್ಕೆ ಹೋಗಬೇಕು ಅಂತ ಅವರು ಯಾಕೆ ಅನ್ನುತ್ತಾರೆ ಅನ್ನುವುದು ಅಲ್ಲಿ ಗೊತ್ತಾಯಿತು. ನಲವತ್ತು ನಿಮಿಷದ ಮಾತು. ಅಂಗಿಯ ಸರಸರ ಸದ್ದು ಇದೆ, ಆದರೆ ಪ್ರತಿ ಮಾತೂ ಕೇಳುತ್ತದೆ.

ಬಿ.ಎಡ್. ಅರ್ಜಿ ಹಾಕುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೇನೆ. ಪುಣೆಯ ಎಡಿಟಿಂಗ್‌ಗೂ ಹಾಕುತ್ತೇನೆ ಅಂತಲೂ ಹೇಳಿದ್ದೇನೆ. "ಎರಡೂ ಹಾಕು" ಅಂದರು. ಎಡಿಟ್ ಅಕ್ಕ, ಎರಡು ಕಡೆ ಕಾಪಿ ಆಯಿತು. ನೋಟ್‌ಬುಕ್‌ನಲ್ಲಿ ನಾಲ್ಕು ಗಂಟೆಯಷ್ಟು ಬರೆದಿದ್ದೇನೆ.

ಅಟ್ಟ ಹತ್ತಿ ಪಾಟಿ ಹುಡುಕುವುದನ್ನು ಶೂಟ್ ಮಾಡಬೇಕು ಅಂತಿದ್ದೇನೆ. ಅಪ್ಪನನ್ನೇ ಹತ್ತಿಸಲಾ, ನಾನೇ ಹತ್ತಲಾ? ಅಲ್ಲಿ ಕಿಟಕಿ ಇಲ್ಲ, ಟಾರ್ಚ್ ಬೆಳಕೊಂದೇ. ಮೊಬೈಲಲ್ಲಿ ಬರುತ್ತದಾ?