ಪ್ಯಾರಾಶೂಟ್ ತಡವಾಗಿ ಬಿಚ್ಚಿಕೊಂಡಿದ್ದೇಕೆ?

ಗದ್ದೆಬದಿ (ಪ್ರಶ್ನೆ):
ನಾವು ದಕ್ಷಿಣ ಕೊಡಗಿನ ಎಂಜಿನಿಯರಿಂಗ್ ಕಾಲೇಜೊಂದರ ರಾಕೆಟ್ ಕ್ಲಬ್ಬಿನವರು. ಪುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯಲ್ಲಿ, ಮಾಲೀಕರ ಮತ್ತು ಪೊಲೀಸ್ ಠಾಣೆಯ ಒಪ್ಪಿಗೆ ಪಡೆದು, ನಮ್ಮ ಎರಡನೆಯ ರಾಕೆಟ್ ಹಾರಿಸಿದೆವು. ಲೆಕ್ಕದಂತೆ ಅದು 250 ಮೀಟರ್ ಏರಬೇಕಿತ್ತು. ವಿಡಿಯೊದಲ್ಲಿ ಏರಿದಂತೆಯೇ ಕಾಣುತ್ತದೆ. ಆದರೆ ಒಳಗಿದ್ದ, ಮೇಲೇರಿದಂತೆ ಕುಸಿಯುವ ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಬಿಎಂಪಿ280 ಸೆನ್ಸರ್ ದಾಖಲಿಸಿದ ಗರಿಷ್ಠ ಎತ್ತರ ಬರೀ 90 ಮೀಟರ್. ತುದಿಯಲ್ಲಿ ಬಿಚ್ಚಬೇಕಿದ್ದ ಪ್ಯಾರಾಶೂಟ್, ರಾಕೆಟ್ ತಲೆಕೆಳಗಾಗಿ ರಭಸದಿಂದ ಬೀಳುತ್ತಿದ್ದಾಗ ಬಿಚ್ಚಿ, ಹಗ್ಗ ಹರಿದು, ಮೂತಿ ಒಂದು ಗೇಣು ಕೆಸರಿನಲ್ಲಿ ಹೂತುಹೋಯಿತು. ಸೆನ್ಸರ್ ಇದ್ದ ಡಬ್ಬಿಯನ್ನು ಮುಚ್ಚಿದ ಹಾಗೆಯೇ ಬೈಕಿನಲ್ಲಿಟ್ಟು ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತಿದಾಗ ಎತ್ತರ ಸರಿಯಾಗಿ ಬಂದಿತ್ತು. ಹಾಗಾದರೆ ತಪ್ಪು ಎಲ್ಲಿದೆ?

ಹಳೆಯ ವಿದ್ಯಾರ್ಥಿ:
ಡಬ್ಬಿಗೆ ಗಾಳಿರಂಧ್ರ ಕೊರೆದ ಮಾತನ್ನೇ ನೀವು ಎತ್ತಿಲ್ಲ, ಕೊರೆದಿಲ್ಲವೆಂದೇ ಭಾವಿಸುತ್ತೇನೆ. ಘಾಟಿಯಲ್ಲಿ ನಿಮ್ಮನ್ನು ದಾರಿ ತಪ್ಪಿಸಿದ್ದು ನಿಧಾನ. ಮುಚ್ಚಳದ ಸಂದಿನಿಂದ ಗಾಳಿ ಸೋರಿ ಒಳಹೊರಗಿನ ಒತ್ತಡ ಸಮವಾಗಲು ಗಂಟೆಯ ಅವಕಾಶವಿತ್ತು. ರಾಕೆಟ್ಟಿಗೆ ಇದ್ದದ್ದು ಏಳೆಂಟು ಸೆಕೆಂಡು. ರಾಕೆಟ್ ತುದಿ ಮುಟ್ಟಿ ಇಳಿಯತೊಡಗಿದ ಮೇಲೂ ಒಳಗಿನ ಒತ್ತಡ ಇನ್ನೂ ಕುಸಿಯುತ್ತಲೇ ಇದ್ದುದರಿಂದ, ಪ್ಯಾರಾಶೂಟ್ ಬಿಚ್ಚಿಸುವ ಸರ್ಕ್ಯೂಟಿನ ಪಾಲಿಗೆ ಅದು ಏರುತ್ತಲೇ ಇತ್ತು.

500 ಮಿಲಿಲೀಟರಿನಷ್ಟು ಜಾಗಕ್ಕೆ 2 ಮಿಲಿಮೀಟರಿನ ಮೂರು ರಂಧ್ರ, ಸುತ್ತಲೂ ಸಮದೂರದಲ್ಲಿ, ಸಾಕಾಗುತ್ತದೆ. ಮೂತಿಯ ಇಳಿಜಾರಿನಿಂದ ದೂರ, ನೇರ ಕೊಳವೆಯ ಮೇಲೆಯೇ ಕೊರೆಯಿರಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ ನಯಗೊಳಿಸಿ. ಪ್ಯಾರಾಶೂಟ್ ಕೋಣೆಯ ಕಡೆಗೆ ಮಾತ್ರ ಸಂಪೂರ್ಣ ಮುಚ್ಚಿರಬೇಕು. ಇಲ್ಲವಾದರೆ ಅದನ್ನು ಹೊರದಬ್ಬುವ ಮದ್ದಿನ ಹೊಗೆ ಒಳನುಗ್ಗಿ ಸರ್ಕ್ಯೂಟ್ ಹಾಳಾಗುತ್ತದೆ.

ಕಾಫಿ ಬೆಳೆಗಾರ:
ರಂಧ್ರದ ವಿಷಯ ನನಗೆ ತಿಳಿಯದು. ಆದರೆ ಪ್ಯಾರಾಶೂಟ್ ತುದಿಯಲ್ಲೇ ಬಿಚ್ಚಿದ್ದರೆ ಇನ್ನೊಂದು ತಾಪತ್ರಯವಿತ್ತು. ಸೆಕೆಂಡಿಗೆ 5 ಮೀಟರಿನಂತೆ 250 ಮೀಟರ್ ಇಳಿಯಲು 50 ಸೆಕೆಂಡು ಬೇಕು. 4 ಮೀಟರ್ ವೇಗದ ಗಾಳಿ ಅಷ್ಟರಲ್ಲಿ ಅದನ್ನು 200 ಮೀಟರ್ ಒಯ್ದು ಯಾರದೋ ತೋಟದ ಸಿಲ್ವರ್ ಓಕಿಗೆ ಸಿಕ್ಕಿಸುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಏಣಿ ಇಡಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಪ್ಯಾರಾಶೂಟನ್ನು ಚಿಕ್ಕದಾಗಿಸಿ, ಬೆಳಗ್ಗೆ ಗಾಳಿ ಏಳುವ ಮೊದಲೇ ಹಾರಿಸಿ. ಫೆಬ್ರುವರಿಯಲ್ಲಂತೂ ತರಗೆಲೆ ಒಣಗಿರುತ್ತದೆ, ನೀರಿನ ಕೊಡ ಪಕ್ಕದಲ್ಲಿರಲಿ.

ಗದ್ದೆಬದಿ:
ಡಬ್ಬಿ ಬಿಚ್ಚಿ ನೋಡಿದೆವು. ಮಳೆಗಾಲದ ತೇವ ನುಗ್ಗದಿರಲೆಂದು ನಮ್ಮವನೊಬ್ಬ ಬಹುತೇಕ ಸಂದಿಗೆಲ್ಲ ಸಿಲಿಕೋನ್ ಬಳಿದಿದ್ದಾನೆ, ರಂಧ್ರ ಒಂದೂ ಇಲ್ಲ. ಈ ಶನಿವಾರ ಡ್ರಿಲ್ ಹಿಡಿಯುತ್ತೇವೆ.