ಹೊಸ ಚೈನ್ ಸಾ ರೇಸ್ ಕೊಟ್ರೆ ಉಸಿರು ಕಟ್ಟುತ್ತೆ, ಕಾರ್ಬೊರೇಟರ್ ಸೆಟ್ಟಿಂಗ್ ಗೊತ್ತಿರೋರು ಹೇಳಿ

ಸಕಲೇಶಪುರ ತೋಟ:
ನಮಸ್ಕಾರ ಎಲ್ರಿಗೂ. ಮರಗಸಿಗೆ, ಅಂದ್ರೆ ತೋಟದ ನೆರಳು ಮರದ ಕೊಂಬೆ ಕಡಿಯೋಕೆ, ಅಂತ ಹೊಸ ಚೈನ್ ಸಾ ತಗೊಂಡ್ವಿ, 50 ಸಿಸಿ, 18 ಇಂಚು ಬಾರ್. ಹಗ್ಗ ಎಳೆದ್ರೆ ಸ್ಟಾರ್ಟೇನೋ ಆಗುತ್ತೆ, ಐಡಲ್‌ನಲ್ಲಿ ನಿಲ್ತಿರ್ಲಿಲ್ಲ ಅಂತ ಮರಗಸಿ ಮಾಡೋಕೆ ಬರೋ ಹುಡುಗ ಎಲ್‌ಎ ಅಂತ ಬರೆದಿರೋ ಸ್ಕ್ರೂ ಒಳಗೆ ತಿರುಗಿಸ್ದ, ಈಗ ಆಫ್ ಆಗಲ್ಲ ಆದ್ರೆ ರೇಸ್ ಬಿಟ್ರೂ ಚೈನ್ ಸುತ್ತುತ್ತಾನೇ ಇರುತ್ತೆ. ರೇಸ್ ಒತ್ತಿದ ತಕ್ಷಣ ಬ್ವಾ ಅಂತ ಉಸಿರು ಕಟ್ಟಿ ಆಮೇಲೆ ಎತ್ಕೊಳುತ್ತೆ, ಕೆಲವು ಸಲ ಅಲ್ಲೇ ಆಫ್. ಪೂರ್ತಿ ರೇಸಲ್ಲಿ ಮಾತ್ರ ಕಿವಿ ಹರಿಯೋ ಹಂಗೆ ಕಿರುಚುತ್ತೆ. ಕಂಪನಿ ಆಯಿಲ್ಲೇ ಹಾಕ್ತಿರೋದು, ಲೀಟರಿಗೆ 20 ಎಂಎಲ್. ತಗೊಂಡ ಅಂಗಡೀಲಿ ಕೇಳಿದ್ರೆ ಓಡ್ತಾ ಓಡ್ತಾ ಸರಿ ಹೋಗುತ್ತೆ ಅಂತಾರೆ. ಹೋಗುತ್ತಾ?

ಆಲ್ದೂರು ಪ್ಲಾಂಟರ್:
ನಮ್ ಕಡೆ ಎತ್ತರ ಅಲ್ವಾ ಸರ್, ಅದಕ್ಕೇ ಇರ್ಬೇಕು. ಕೆಳಗಡೆ ಸೆಟ್ ಮಾಡಿರೋ ಮಿಷನ್ ಘಾಟಿ ಮೇಲೆ ಸರಿಯಾಗಿ ಓಡಲ್ಲ. ಆಯಿಲ್ ಸ್ವಲ್ಪ ಜಾಸ್ತಿ ಹಾಕಿ ನೋಡಿ, ಇಂಜಿನ್‌ಗೂ ಒಳ್ಳೇದು.

ಮೂಡಿಗೆರೆ ಮೆಕ್ಯಾನಿಕ್:
ಎತ್ತರದ ವಿಷ್ಯ ನಿಜ, ಆದ್ರೆ ಉಲ್ಟಾ ಕಣ್ರೀ. ಮೇಲೆ ಬಂದಂಗೆ ಗಾಳಿ ತೆಳು, ಆಗ ಪೆಟ್ರೋಲ್ ಜಾಸ್ತಿ ಆದಂಗಾಗಿ ಮಿಷನ್ ರಿಚ್ ಆಗುತ್ತೆ, ಹೊಗೆ ಉಗುಳುತ್ತೆ, ಮಂಕಾಗಿ ಓಡುತ್ತೆ. ಇವರದ್ದು ಕಿರುಚ್ತಿದೆ, ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ, ಲೀನ್. ಭಯ ಇರೋದು ಇಳಿಯುವಾಗ, ಕೊಟ್ಟಿಗೆಹಾರದಲ್ಲಿ ಟ್ಯೂನ್ ಮಾಡ್ಕೊಂಡು ಚಾರ್ಮಾಡಿ ಇಳಿದು ಉಜಿರೆ ಕಡೆ ಮರ ಕುಯ್ಯೋಕೆ ಹೋದ್ರೆ ಅದೇ ಸೆಟ್ಟಿಂಗ್ ಲೀನ್ ಆಗಿರುತ್ತೆ.

ಆಯಿಲ್ ಜಾಸ್ತಿ ಹಾಕೋದು ಇನ್ನೂ ತಪ್ಪು. ಅದೇ ಜೆಟ್‌ನಲ್ಲಿ (ಕಾರ್ಬೊರೇಟರ್‌ನ ಪೆಟ್ರೋಲ್ ತೂತು) ಹೋಗೋದ್ರಲ್ಲಿ ಆಯಿಲ್ ಪಾಲು ಹೆಚ್ಚಾದ್ರೆ ಪೆಟ್ರೋಲ್ ಪಾಲು ಕಮ್ಮಿ, ಲೀನ್ ಇನ್ನೂ ಲೀನ್ ಆಗುತ್ತೆ. ಮ್ಯಾನುಯಲ್‌ನಲ್ಲಿ 50:1 ಅಂತ ಇದ್ರೆ 20 ಎಂಎಲ್ ಸರಿಯಾಗೇ ಇದೆ, ಮುಟ್ಬೇಡಿ.

ಸಕಲೇಶಪುರದ ಸರ್, ಲೀನ್ ಮಿಷನ್ ಓಡ್ತಾ ಓಡ್ತಾ ಸರಿ ಹೋಗಲ್ಲ, ಪಿಸ್ಟನ್ ಹಿಡ್ಕೊಳುತ್ತೆ. ಟೂ ಸ್ಟ್ರೋಕ್‌ಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ, ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ಲೂ ಕಮ್ಮಿ, ಬಿಸೀನೂ ಜಾಸ್ತಿ. ಸದ್ಯಕ್ಕೆ ಮರಕ್ಕೆ ಹಾಕ್ಬೇಡಿ. ಮೊದ್ಲು ಏರ್ ಫಿಲ್ಟರ್ ಬಿಚ್ಚಿ ಕಾರ್ಬೊರೇಟರ್ ಹಿಡ್ದಿರೋ ಎರಡು ನಟ್ ಟೈಟ್ ಇದ್ಯಾ ನೋಡಿ. ಅಲ್ಲಿ ಗಾಳಿ ಎಳೀತಿದ್ರೆ ಯಾವ ಸ್ಕ್ರೂ ತಿರುಗಿಸಿದ್ರೂ ಪ್ರಯೋಜನ ಇಲ್ಲ. ಸ್ಕ್ರೂ ಮೇಲೆ ಪ್ಲಾಸ್ಟಿಕ್ ಕ್ಯಾಪ್ ಇದ್ಯಾ, ಬರೀ ಸ್ಕ್ರೂನಾ ಅಂತಾನೂ ಹೇಳಿ.

ಸಕಲೇಶಪುರ ತೋಟ:
ನಟ್ ಎರಡೂ ಟೈಟಾಗೇ ಇದೆ ಅಣ್ಣ, ಫಿಲ್ಟರ್ ಕ್ಲೀನ್. ಎಲ್ (ಕಮ್ಮಿ ರೇಸಿನ ಪೆಟ್ರೋಲ್‌ಗೆ), ಎಚ್ (ಪೂರ್ತಿ ರೇಸಿನದ್ದಕ್ಕೆ) ಎರಡಕ್ಕೂ ಬರೀ ಸ್ಕ್ರೂ, ಕ್ಯಾಪ್ ಇಲ್ಲ. ಪೆಟ್ರೋಲ್ ಬಂಕಿಂದು, ಈಗೆಲ್ಲ 20 ಪರ್ಸೆಂಟ್ ಎಥನಾಲ್ ಬೆರೆಸಿರೋ ಇ20 ತಾನೆ.

ಮೂಡಿಗೆರೆ ಮೆಕ್ಯಾನಿಕ್:
ಅಲ್ಲೂ ಒಂದಿಷ್ಟು ಕಾರಣ ಇದೆ ನೋಡಿ. ಎಥನಾಲ್‌ನಲ್ಲಿ ಆಮ್ಲಜನಕ ಇರುತ್ತೆ, ಹಂಗಾಗಿ ಹಳೇ ಸೆಟ್ಟಿಂಗಲ್ಲೇ ಇ20 ಹಾಕಿದ್ರೆ ಸ್ವಲ್ಪ ಲೀನ್ ಕಡೆ ವಾಲುತ್ತೆ. ಸುಮಾರು ಚೈನ್ ಸಾಗಳ ಮ್ಯಾನುಯಲ್‌ನಲ್ಲಿ ಎಥನಾಲ್ 10 ಪರ್ಸೆಂಟ್ ದಾಟಬಾರದು ಅಂತ ಇರುತ್ತೆ, ನಮಗೆ ಸಿಗೋದು ಇದು, ಏನ್ ಮಾಡೋದು. ಕಲಸಿದ್ದನ್ನ ವಾರಗಟ್ಟಲೆ ಕ್ಯಾನಲ್ಲಿ ಇಟ್ಕೋಬೇಡಿ, ನಮ್ ಮಲೆನಾಡ ತೇವಕ್ಕೆ ಎಥನಾಲ್ ನೀರು ಎಳ್ಕೊಳುತ್ತೆ, ಆಮೇಲೆ ಕಾರ್ಬೊರೇಟರ್ ಒಳಗಿನ ತೆಳು ಪೊರೆ, ಡಯಾಫ್ರಾಮ್, ಗಟ್ಟಿ ಆಯ್ತು ಅಂತ ನಮ್ ಹತ್ರಾನೇ ತರ್ತೀರಿ.

ಈಗ ಕೆಲ್ಸ. ಚಪ್ಪಟೆ ಸ್ಕ್ರೂಡ್ರೈವರ್ ಸಣ್ಣದು ಸಾಕು. ಬಲಕ್ಕೆ ತಿರುಗಿಸಿದ್ರೆ ಲೀನ್, ಎಡಕ್ಕೆ ರಿಚ್, ಎಲ್‌ಗೂ ಎಚ್‌ಗೂ ಅದೇ ಲೆಕ್ಕ. ಎಲ್‌ಎ ಬೇರೆ, ಅದು ಬರೀ ಐಡಲ್ ಎತ್ತೋದು ಇಳಿಸೋದು, ಮಿಕ್ಸ್‌ಚರ್‌ಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ ಹುಡುಗ ಮಾಡಿರೋದು ಅದನ್ನೇ, ಎಲ್ ಲೀನ್ ಆಗಿ ಇಂಜಿನ್ ಸಾಯ್ತಿತ್ತು, ಎಲ್‌ಎಯಿಂದ ಎತ್ತಿ ನಿಲ್ಲಿಸ್ದ, ಕಾಯಿಲೆ ಒಳಗೇ ಉಳೀತು, ಚೈನ್ ಸುತ್ತೋಕೆ ಶುರು ಆಯ್ತು.

ಮಿಷನ್ ಚೆನ್ನಾಗಿ ಬಿಸಿ ಮಾಡ್ಕೊಳ್ಳಿ, ನೆಲದ ಮೇಲಿಟ್ಟು ಬಾರ್ ತುದಿಗೆ ಏನೂ ತಾಗದಂಗೆ ನೋಡ್ಕೊಳ್ಳಿ, ಚೈನ್ ಸುತ್ತುತ್ತಿರುತ್ತೆ ಹುಷಾರು. ಎಲ್ ಅನ್ನ ನಿಧಾನಕ್ಕೆ ಎರಡೂ ಕಡೆ ತಿರುಗಿಸಿ ಐಡಲ್ ಎಲ್ಲಿ ಅತೀ ಜೋರಾಗುತ್ತೆ ಹುಡುಕಿ, ಅಲ್ಲಿಂದ ಎಡಕ್ಕೆ ಎಂಟರಲ್ಲೊಂದು ಸುತ್ತಿನಿಂದ ಕಾಲು ಸುತ್ತು ಬಿಡಿ. ಪಟ್ ಅಂತ ರೇಸ್ ಕೊಡಿ. ಇನ್ನೂ ಉಸಿರು ಕಟ್ಟಿದ್ರೆ ಇನ್ನೊಂಚೂರು ಎಡಕ್ಕೆ. ಅದಾದ್ಮೇಲೆ ಎಲ್‌ಎ ವಾಪಸ್ ಬಿಚ್ಕೊಂಡು ಬನ್ನಿ, ಚೈನ್ ಪೂರ್ತಿ ನಿಲ್ಬೇಕು. ಮೀಟರ್ ಇದ್ರೆ 2700, 2800 ಆರ್‌ಪಿಎಂ ಹತ್ರ, ಇಲ್ದಿದ್ರೆ ಚೈನೇ ಮೀಟರ್.

ಎಚ್ ಕಿವಿಯಿಂದ ಮಾಡೋದು. ಪೂರ್ತಿ ರೇಸ್ ಎರಡು ಮೂರು ಸೆಕೆಂಡ್ ಅಷ್ಟೇ, ಖಾಲಿ ಓಡಿಸ್ತಾ ಕೂರ್ಬೇಡಿ. ಈಗ ನಿಮ್ದು ಒಂದೇ ಸಮ ಕಿರ್ರ್ ಅಂತಿದೆ. ಎಡಕ್ಕೆ ಸ್ವಲ್ಪ ಸ್ವಲ್ಪ ಬಿಟ್ರೆ ಒಂದು ಕಡೆ ಸದ್ದು ಒಡೆಯುತ್ತೆ, ಗರಗರ ಅಂತ ಬಾಯಿ ಮುಕ್ಕಳಿಸಿದ ಹಂಗೆ, ಅದಕ್ಕೆ ಫೋರ್ ಸ್ಟ್ರೋಕಿಂಗ್ ಅಂತಾರೆ. ಅಲ್ಲೇ ನಿಲ್ಸಿ, ಒಣ ದಿಮ್ಮಿಗೆ ಹಾಕಿ. ಲೋಡ್ ಬಿದ್ದಾಗ ಗರಗರ ಹೋಗಿ ಸದ್ದು ಕ್ಲೀನ್ ಆಗ್ಬೇಕು, ಎತ್ತಿದ ತಕ್ಷಣ ಮತ್ತೆ ಬರ್ಬೇಕು. ಕೊಯ್ಯುವಾಗಲೂ ಗರಗರ ಅಂದ್ರೆ ಮಾತ್ರ ಒಂದು ಕೂದಲಷ್ಟು ಬಲಕ್ಕೆ.

ಬೇಲೂರು ಹುಡುಗ:
ಗುರುಗಳೇ, ನಮ್ದು ಶುರುವಲ್ಲಿ ಚೆನ್ನಾಗಿ ಓಡಿ, ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತೆ, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್. ಇದಕ್ಕೂ ಎಲ್ ಬಿಡ್ಲಾ?

ಮೂಡಿಗೆರೆ ಮೆಕ್ಯಾನಿಕ್:
ಬೇಡ ಬೇಡ, ಸ್ಕ್ರೂ ಮುಟ್ಬೇಡಿ. ನಿಂತಾಗ ಟ್ಯಾಂಕ್ ಮುಚ್ಚಳ ನಿಧಾನಕ್ಕೆ ಬಿಚ್ಚಿ. ಬುಸ್ ಅಂತ ಗಾಳಿ ಒಳಗೆ ಎಳೆದು ಆಮೇಲೆ ಸ್ಟಾರ್ಟ್ ಆದ್ರೆ ಟ್ಯಾಂಕ್ ವೆಂಟ್, ಅಂದ್ರೆ ಟ್ಯಾಂಕಿಗೆ ಗಾಳಿ ಹೋಗೋ ತೂತು, ಕಟ್ಟಿದೆ. ಮಿಷನ್ ಬಿಸಿ ಇರುವಾಗ ಮುಚ್ಚಳದ ಹತ್ರ ಬೀಡಿ ಗೀಡಿ ಬೇಡ.

ಸಕಲೇಶಪುರ ತೋಟ:
ಮಾಡಿದೆ ಅಣ್ಣ. ಎಲ್ ಎಡಕ್ಕೆ ಬಿಟ್ಟ ಮೇಲೆ ರೇಸ್ ಕೊಟ್ಟ ತಕ್ಷಣ ಎತ್ಕೊಳುತ್ತೆ, ಎಲ್‌ಎ ಇಳಿಸಿದ್ದಕ್ಕೆ ಚೈನೂ ನಿಂತಿದೆ. ಎಚ್ ನೀವಂದಂಗೆ ಗರಗರ ಬರೋ ತನಕ ಬಿಟ್ಟೆ, ಬಿದ್ದಿದ್ದ ಸಿಲ್ವರ್ ಓಕ್ ದಿಮ್ಮಿಗೆ ಹಾಕಿದ್ರೆ ಸದ್ದು ಕ್ಲೀನಾಗಿ ಬರುತ್ತೆ, ಹಿಟ್ಟಿನ ಥರ ಬೀಳ್ತಿಲ್ಲ, ಚೆನ್ನಾಗಿ ಚೂರು ಚೂರೇ ಬೀಳುತ್ತೆ. ಆದ್ರೆ ನಮ್ ಹುಡುಗಂಗೆ ಸಮಾಧಾನ ಇಲ್ಲ, ಮೊದ್ಲಿನ ಸೌಂಡೇ ಇಲ್ಲ ಪವರ್ ಹೋಯ್ತು ಅಂತಾನೆ.

ಮೂಡಿಗೆರೆ ಮೆಕ್ಯಾನಿಕ್:
ಎಲ್ಲಾ ಮರಗಸಿಯೋರೂ ಅದೇ ಅನ್ನೋದು ಮಾರಾಯ್ರೆ. ಮೊದ್ಲು ಕೊಯ್ದಷ್ಟೇ ದಪ್ಪದ ದಿಮ್ಮಿ ಈಗ ಕೊಯ್ದು ಟೈಮ್ ನೋಡು ಅಂತ ಹೇಳಿ, ಆಗ ಬಾಯಿ ಮುಚ್ತಾನೆ. ಹೊಸ ಮಿಷನ್ ಒಂದಷ್ಟು ಟ್ಯಾಂಕ್ ಓಡಿದ ಮೇಲೆ ಪಿಸ್ಟನ್ ರಿಂಗ್ ಕೂತು ಸೆಟ್ಟಿಂಗ್ ಸ್ವಲ್ಪ ಬದಲಾಗುತ್ತೆ, ಆಗ ಇನ್ನೊಂದ್ಸಲ ನೋಡಿದ್ರೆ ಸಾಕು. ಅಲ್ಲೀವರೆಗೆ ಆ ಸ್ಕ್ರೂಡ್ರೈವರ್ ಅವನ ಕೈಗೆ ಸಿಗದಂಗೆ ಮನೇಲಿಡಿ.