ಪದಚರ್ಚೆ: ಪಾಲಿಯೋಮಾ ವೈರಸ್ ‘ಸೋಂಕು’ ಬೇರೆ, ‘ರೋಗ’ ಬೇರೆ ಎಂಬುದನ್ನು ಕನ್ನಡದಲ್ಲಿ ಹೇಳುವ ಬಗೆ

ಮಾನ್ಯರೇ,

ಕಿಡ್ನಿ ಕಸಿ ಮಾಡಿಸಿಕೊಂಡವರಿಗಾಗಿ ವಿಜಯಪುರದಲ್ಲಿ ಸಿದ್ಧವಾಗುತ್ತಿರುವ ಕಿರುಹೊತ್ತಿಗೆಯೊಂದರ ಕನ್ನಡವನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಾಲಿಯೋಮಾ ಎಂಬ ಗುಂಪಿನ ವೈರಸ್‌ಗಳನ್ನು, ಅದರಲ್ಲೂ ಕಸಿ ಮಾಡಿದ ಕಿಡ್ನಿಯನ್ನು ಹಾಳುಮಾಡಬಲ್ಲ ಬಿಕೆ ವೈರಸ್ಸನ್ನು ಕುರಿತ ಭಾಗದಲ್ಲಿ ಕೆಲವು ಪದಗಳು ತೊಡಕಾಗಿರುವುದರಿಂದ ತಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ಹೆಸರಿನ ವಿಷಯ ಬೇಗ ಮುಗಿಯುವಂಥದ್ದು. ‘ಪಾಲಿ’ ಎಂದರೆ ಹಲವು, ‘ಓಮಾ’ ಎಂದರೆ ಗಂತಿ ಎಂದು ಬಿಡಿಸಿ ಮೊದಲ ಕರಡಿನಲ್ಲಿ ‘ಬಹುಗಂತಿ ವೈರಾಣು’ ಎಂದು ಬರೆಯಲಾಗಿತ್ತು. ‘ಪಾಲಿಯೋಮಾ’ ಎಂಬ ಮೂಲ ಹೆಸರು ಹುಟ್ಟಿದ್ದು ಇಲಿಗಳ ಮೇಲಿನ ಅಧ್ಯಯನದಲ್ಲಿ. 1950ರ ದಶಕದಲ್ಲಿ ಸಂಶೋಧಕರಾದ ಸಾರಾ ಸ್ಟೀವರ್ಟ್ ಮತ್ತು ಬರ್ನಿಸ್ ಎಡ್ಡಿ ಅವರು, ಇಲಿಗಳಲ್ಲಿ ಬಗೆಬಗೆಯ ಗಂತಿಗಳನ್ನು ಉಂಟುಮಾಡುತ್ತಿದ್ದ ವೈರಸ್ಸಿಗೆ ಅದನ್ನಿಟ್ಟರು. ಮನುಷ್ಯರಲ್ಲಿ ಕಂಡುಬಂದಿರುವ ಹತ್ತಕ್ಕೂ ಹೆಚ್ಚು ಪಾಲಿಯೋಮಾ ವೈರಸ್‌ಗಳ ಪೈಕಿ, ಕ್ಯಾನ್ಸರಿನೊಡನೆ ಗಟ್ಟಿಯಾದ ನಂಟು ಸ್ಥಾಪಿತವಾಗಿರುವುದು 2008ರಲ್ಲಿ ವರದಿಯಾದ ಮರ್ಕೆಲ್ ಕೋಶ ಪಾಲಿಯೋಮಾ ವೈರಸ್ಸಿನದು ಮಾತ್ರ. ಅದರೊಡನೆ ನಂಟಿರುವ ಚರ್ಮದ ಕ್ಯಾನ್ಸರ್ ಕೂಡ ಬಲು ಅಪರೂಪದ್ದು. ‘ಬಹುಗಂತಿ’ ಎಂದು ಓದಿದ ರೋಗಿ ತನ್ನ ಮೈತುಂಬ ಗಂತಿಗಳೇಳುತ್ತವೆಂದು ಹೆದರಿದರೆ ಅದು ಅವನ ತಪ್ಪಾಗದು. ಆದ್ದರಿಂದ ‘ಪಾಲಿಯೋಮಾ’ ಎಂದೇ ಉಳಿಸಿ, ಪೋಲಿಯೊಗೂ ಇದಕ್ಕೂ ಸಂಬಂಧವಿಲ್ಲವೆಂಬ ಒಂದು ಸಾಲನ್ನು ಸೇರಿಸಿದ್ದೇನೆ. ಬಿಕೆ ಮತ್ತು ಇದೇ ಗುಂಪಿನ ಇನ್ನೊಂದು ವೈರಸ್ಸಾದ ಜೆಸಿ ಎಂಬವು 1971ರಲ್ಲಿ ಆ ವೈರಸ್‌ಗಳು ಮೊದಲು ಸಿಕ್ಕ ರೋಗಿಗಳ ಹೆಸರಿನ ಮೊದಲಕ್ಷರಗಳಾದ್ದರಿಂದ ಅವುಗಳನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ನಿಜವಾದ ತೊಡಕಿರುವುದು ‘ಸೋಂಕು’ ಎಂಬ ಪದದಲ್ಲಿ. ಬಿಕೆ ವೈರಸ್ ಹೆಚ್ಚಿನವರಿಗೆ ಬಾಲ್ಯದಲ್ಲಿಯೇ, ಬಹುಮಟ್ಟಿಗೆ ಯಾವ ಲಕ್ಷಣವೂ ಇಲ್ಲದೆ ತಗಲಿ, ಮುಂದೆ ಕಿಡ್ನಿಯ ಮತ್ತು ಮೂತ್ರದ ದಾರಿಯ ಕೋಶಗಳಲ್ಲಿ ಸದ್ದಿಲ್ಲದೆ ಜೀವಮಾನವಿಡೀ ಉಳಿಯುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಅದು ಮತ್ತೆ ಹೆಚ್ಚತೊಡಗಿ, ಮೊದಲು ಮೂತ್ರದಲ್ಲಿ, ಬಳಿಕ ರಕ್ತದಲ್ಲಿ ಕಾಣಿಸಿಕೊಂಡು, ಕೆಲವರಲ್ಲಿ ಕಸಿ ಮಾಡಿದ ಕಿಡ್ನಿಯನ್ನೇ ಹಾಳುಮಾಡುತ್ತದೆ. ಈ ಎಲ್ಲ ಹಂತಗಳಿಗೂ ಕರಡಿನಲ್ಲಿ ‘ಸೋಂಕು’ ಎಂಬ ಒಂದೇ ಪದವಿದೆ. ನಮ್ಮ ಕಡೆಯ ಮಾತಿನಲ್ಲಿ ಸೋಂಕು ಎಂದರೆ ತಾಗುವುದು, ‘ಗಾಳಿ ಸೋಂಕು’ ಎನ್ನುವಾಗಿನ ಹಾಗೆ. ಅದು ಒಮ್ಮೆ ನಡೆಯುವ ಸಂಗತಿಯೇ ಹೊರತು ವರ್ಷಗಟ್ಟಲೆ ಇರುವ ಸ್ಥಿತಿಯಲ್ಲ. ಅದಲ್ಲದೆ ‘ನಿಮಗ ಸೋಂಕು ಅದ’ ಎಂದರೆ ‘ಜಡ್ಡು ಅದ’ (ರೋಗವಿದೆ) ಎಂದೇ ಜನ ಕೇಳಿಸಿಕೊಳ್ಳುತ್ತಾರೆ.

ಪಠ್ಯಪುಸ್ತಕಗಳ ‘ಸುಪ್ತ ಸೋಂಕು’ ತಪ್ಪಲ್ಲವಾದರೂ ಓದಿ ಹೇಳುವಾಗ ಕಿವಿಗೆ ಹತ್ತುವುದಿಲ್ಲ. ‘ಅವಿತಿರುವ’ ಎಂದರೆ ಹೊಂಚುಹಾಕುವ ದುರುದ್ದೇಶದ ಛಾಯೆ ಬರುತ್ತದೆ. ಗೆಳೆಯರೊಬ್ಬರು ‘ವಸ್ತಿ ಇರುವ ವೈರಸ್’ ಎಂದು ಸೂಚಿಸಿದರು. ಪದ ನಮ್ಮದೇ, ಸೊಗಸೂ ಇದೆ. ಆದರೆ ವಸ್ತಿ ಬಸ್ಸು ಬೆಳಗಾದರೆ ಊರು ಬಿಡುತ್ತದೆ, ಇದು ಬಿಡುವುದಿಲ್ಲ. ಸದ್ಯಕ್ಕೆ ‘ವೈರಸ್ ಮೈಯಲ್ಲಿ ನೆಲೆಸಿದೆ, ಜಡ್ಡು ಮಾಡಿಲ್ಲ’ ಎಂಬ ಬಿಡಿಸಿದ ವಾಕ್ಯವನ್ನೇ ಇಟ್ಟಿದ್ದೇನೆ.

ಕರಡಿನಲ್ಲಿ ಬಳಸಿರುವ ‘ಮರುಕಳಿಸು’ ಎಂಬುದೂ ಸರಿಹೊಂದುವುದಿಲ್ಲವೆಂದು ನನ್ನ ಅನಿಸಿಕೆ. ಮರುಕಳಿಸುವುದು ಒಮ್ಮೆ ಬಂದು ಹೋದ ರೋಗ. ಇಲ್ಲಿಯಾದರೋ ಹಳೆಯದು ವೈರಸ್, ರೋಗ ಹೊಸದು. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಜೆಸಿ ವೈರಸ್ ಮಿದುಳಿನ ಬಿಳಿಭಾಗವನ್ನು ಕೆಡಿಸುವುದೂ ಹೀಗೆಯೇ. ಇದಕ್ಕೆ ‘ತಲೆ ಎತ್ತು’ ಎಂಬುದನ್ನು ಒಪ್ಪಬಹುದೇ, ಅಥವಾ ವೈದ್ಯಕೀಯ ಬರಹಕ್ಕೆ ಅದು ತೀರ ಸಡಿಲವಾದೀತೇ?

ಇನ್ನೊಂದು ವಾಕ್ಯ ಪದಕ್ಕಿಂತ ಹೆಚ್ಚಾಗಿ ವ್ಯಾಕರಣಕ್ಕೆ ಸಂಬಂಧಿಸಿದ್ದು. ಬಿಕೆ ವೈರಸ್ಸನ್ನೇ ಗುರಿಯಾಗಿಸಿ ಕೊಡಬಹುದಾದ, ಪರಿಣಾಮ ಸಾಬೀತಾದ ಔಷಧ ಇಲ್ಲದಿರುವುದರಿಂದ ನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆಗಳನ್ನು ಕಡಿಮೆ ಮಾಡುವುದೇ ಮುಖ್ಯ ಕ್ರಮ. ಕರಡಿನಲ್ಲಿ ಅದು ‘ಗುಳಿಗೆಗಳನ್ನು ಕಡಿಮೆ ಮಾಡಲಾಗುತ್ತದೆ’ ಎಂದಿದೆ. ಯಾರು ಮಾಡುತ್ತಾರೆ ಎಂಬುದು ಅಲ್ಲಿಲ್ಲ. ರೋಗಿ ತಾನಾಗಿಯೇ ಗುಳಿಗೆ ಬಿಟ್ಟರೆ ಕಿಡ್ನಿ ತಿರಸ್ಕೃತವಾಗುವ ಅಪಾಯವಿರುವುದರಿಂದ ‘ವೈದ್ಯರೇ ಅಳೆದು ಕಡಿಮೆ ಮಾಡುತ್ತಾರೆ, ನೀವಾಗಿ ಬಿಡಬೇಡಿ’ ಎಂದು ತಿದ್ದಿದ್ದೇನೆ. ಇಂಥ ಕಡೆ ಕರ್ಮಣಿ ಪ್ರಯೋಗವನ್ನು ಕೈಬಿಡಲೇಬೇಕೆಂದು ನನ್ನ ಆಗ್ರಹ.

ಕೊನೆಯದಾಗಿ, ಮೂತ್ರಪರೀಕ್ಷೆಯ ವರದಿಯಲ್ಲಿ ಬರುವ ‘ಡಿಕಾಯ್ ಕೋಶ’ (ಡಿಕಾಯ್ ಎಂದರೆ ಇಂಗ್ಲಿಷಿನಲ್ಲಿ ಮರುಳುಗೊಳಿಸಲು ಒಡ್ಡುವಂಥದ್ದು). ಬಿಕೆ ವೈರಸ್ ಹೊಕ್ಕ ಕೋಶದ ಕೇಂದ್ರ ಊದಿಕೊಂಡು, ಸೂಕ್ಷ್ಮದರ್ಶಕದಲ್ಲಿ ಮಸುಕು ಗಾಜಿನಂತೆ ಕಾಣುತ್ತದೆ. ನೋಡುವವರಿಗೆ ಅದು ಕ್ಯಾನ್ಸರ್ ಕೋಶವೆಂಬ ಭ್ರಮೆ ಹುಟ್ಟಿಸುವುದರಿಂದ ಆ ಹೆಸರು ಬಂದಿದೆ. ‘ವಂಚಕ ಕೋಶ’ ಎಂದರೆ ರೋಗಿಗೆ ದ್ರೋಹ ಬಗೆಯುವ ಕೋಶವೆಂಬ ಅರ್ಥ ಬಂದೀತು. ಹಳೆಯ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ, ಇತರ ಮೃಗಗಳನ್ನು ಮರುಳುಗೊಳಿಸಲು ಬಳಸುವ ಸಾಕುಮೃಗಕ್ಕೆ ‘ದೀಹ’ ಎಂಬ ಪದವಿದೆ. ‘ದೀಹಕೋಶ’ ಎಂದು ಕಟ್ಟಿದರೆ ಇಂದಿನ ಓದುಗರಿಗೆ ಅದು ‘ದೇಹಕೋಶ’ದ ಅಚ್ಚಿನ ದೋಷವಾಗಿ ಕಂಡೀತೆಂಬ ಅಳುಕಿದೆ. ಬಾಗಲಕೋಟೆ, ಬೆಳಗಾವಿ ಕಡೆಯ ಬೇಟೆಯ ಮಾತಿನಲ್ಲಿ ಈ ಪದವಾಗಲಿ, ಇದರ ಬೇರೆ ರೂಪವಾಗಲಿ ಇನ್ನೂ ಬಳಕೆಯಲ್ಲಿದ್ದರೆ, ಬಲ್ಲವರು ಅದರ ಉಚ್ಚಾರಣೆಯೊಡನೆ ದಯವಿಟ್ಟು ತಿಳಿಸಬೇಕು.